ಕಬ್ಬಿಣಕ್ಕೆ ಜೋಗುಳ

ಹಾಜರಿ ಪುಸ್ತಕದಲ್ಲಿ ಅವನಿಗೆ ಒಂದು ಲಕ್ಷಣವಾದ ಹೆಸರಿತ್ತು. ಆದರೆ ಆ ಕಟ್ಟಡದಲ್ಲಿ ಮೂವತ್ತೊಂದು ವರ್ಷ ಎಲ್ಲರೂ ಅವನನ್ನು ಕರೆದದ್ದು ತಣ್ಣಪ್ಪ ಎಂದೇ. ಬೆಳ್ಳಗೆ ಹೊಗೆಯಾಡುವ ದ್ರವ ಸಾರಜನಕವನ್ನು ದೊಡ್ಡ ಡಬ್ಬಿಯಿಂದ ಚಿಕ್ಕ ಡಬ್ಬಿಗೆ, ಚಿಕ್ಕ ಡಬ್ಬಿಯಿಂದ ಯಂತ್ರದ ಕಂಠಕ್ಕೆ ಸುರಿಯುವ ಕೆಲಸ ಅವನದಾದ್ದರಿಂದ ಬಂದ ಹೆಸರು ಅದು. ಹೆಸರಿಗೂ ಸ್ವಭಾವಕ್ಕೂ ಮಾತ್ರ ಎಣ್ಣೆ ಸೀಗೆಕಾಯಿ ಸಂಬಂಧ. ಕೋಪ ಸದಾ ಮೂಗಿನ ತುದಿಯಲ್ಲೇ ಕುಳಿತಿರುತ್ತಿತ್ತು. ಯಾರಾದರೂ ಪ್ರಯೋಗಾಲಯದ ಬಾಗಿಲು ತೆರೆದೇ ಬಿಟ್ಟು ಒಳಗೆ ಬಂದರೆ ಮುಗಿಯಿತು, "ನಿಮ್ಮ ಮನೆ ಬಾಗಿಲನ್ನೂ ಹೀಗೇ ತೆಗೆದಿಟ್ಟು ಬರ್ತೀರೋ?" ಎಂದು ಶುರುವಾದರೆ ಪ್ರೊಫೆಸರು ಬಂದರೂ ನಿಲ್ಲುತ್ತಿರಲಿಲ್ಲ. ಬೈದು ಹತ್ತು ನಿಮಿಷಕ್ಕೆ ಅವನೇ ಹೋಗಿ ಬೈಸಿಕೊಂಡವರಿಗೆ ಟೀ ತಂದುಕೊಡುತ್ತಿದ್ದ. ಹಾಗಾಗಿ ಬೈಗುಳ ತಿನ್ನಲೆಂದೇ ಬಾಗಿಲು ತೆರೆದಿಡುವವರೂ ಇದ್ದರು.

ಅವನ ಕೋಣೆ ನೆಲಮಹಡಿಯ ಮೂಲೆಯಲ್ಲಿತ್ತು. ಎರಡು ಕಿಟಕಿ, ಅದರಲ್ಲಿ ಒಂದು ಬಣ್ಣ ಬಳಿದಾಗ ಅಂಟಿಕೊಂಡದ್ದು ಮತ್ತೆ ತೆರೆದೇ ಇರಲಿಲ್ಲ. ನಡುವೆ ಇಬ್ಬರು ಸೇರಿ ತಬ್ಬಿದರೂ ಕೈಗೆ ಕೈ ಮುಟ್ಟದಷ್ಟು ದಪ್ಪದ ವಿದ್ಯುತ್ಕಾಂತ. ತಂತಿ ಸುತ್ತಿದ ಎರಡು ಕಬ್ಬಿಣದ ಕಂಬಗಳು ಮಲಗಿದಂತೆ ಎದುರುಬದುರು, ಮಧ್ಯೆ ಒಂದು ಅಂಗೈ ಹಿಡಿಸುವಷ್ಟು ಸಂದು. ಮೇಲಿನಿಂದ ಇಳಿಬಿಟ್ಟ ತೆಳು ಕಡ್ಡಿಯ ತುದಿಯಲ್ಲಿ ಅಳೆಯಬೇಕಾದ ಚೂರು ಅಂಟಿರುತ್ತಿತ್ತು. ಕಡ್ಡಿ ಜುಂಯ್ ಎಂದು ನಡುಗುತ್ತಿದ್ದ ಹಾಗೆ ಪಕ್ಕದ ಮೇಜಿನ ಮೇಲೆ ಒಂದು ನೀಲಿ ಪೆನ್ನು ಕಾಗದದ ಮೇಲೆ ತಾನಾಗಿಯೇ ಗೆರೆ ಎಳೆಯುತ್ತಿತ್ತು. ಚೂರು ಅಯಸ್ಕಾಂತದ ಬಲವನ್ನು ಹೊರಕ್ಕೆ ತಳ್ಳಿದರೆ ಗೆರೆ ಕೆಳಕ್ಕೆ, ಒಳಕ್ಕೆ ಸೆಳೆದರೆ ಮೇಲಕ್ಕೆ. ಬಿಸಿಯಾದ ತಂತಿಯ ವಾರ್ನಿಷ್ ವಾಸನೆ, ಆ ಪೆನ್ನಿನ ಸರಸರ ಸದ್ದು, ಇವೆರಡು ಇಲ್ಲದ ಕಡೆ ತನಗೆ ನಿದ್ದೆಯೂ ಬಾರದು, ಎಚ್ಚರವೂ ಆಗದು ಎಂದು ತಣ್ಣಪ್ಪ ಹೇಳುತ್ತಿದ್ದ.

ಕಬ್ಬಿಣ ಮಹಾ ಹಟಮಾರಿ. ಬೆಳಿಗ್ಗೆ ಅದಕ್ಕೆ ಜೋರು ಕರೆಂಟು ಕೊಟ್ಟು ಅಯಸ್ಕಾಂತ ಮಾಡಿದ್ದರೆ, ಸಂಜೆ ಕರೆಂಟು ನಿಲ್ಲಿಸಿದ ಮೇಲೂ ಬೆಳಗಿನ ಸೇಡು ಸ್ವಲ್ಪ ಹೊಟ್ಟೆಯಲ್ಲಿ ಇಟ್ಟುಕೊಂಡೇ ಇರುತ್ತದೆ. ದೊಡ್ಡ ಅಳತೆಗೆ ಇದರಿಂದ ತೊಂದರೆಯಿಲ್ಲ. ತೀರಾ ಸಣ್ಣ ಬಲದಲ್ಲಿ ಅಳೆಯುವಾಗ ಮಾತ್ರ ಈ ಉಳಿಕೆ ಎಲ್ಲವನ್ನೂ ಕೆಡಿಸುತ್ತದೆ, ಮೀಟರಿನ ಮುಳ್ಳಿಗೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಮದ್ದು ಒಂದೇ: ಕರೆಂಟನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸುತ್ತ, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಸೊನ್ನೆಗೆ ತರಬೇಕು. ಹತ್ತು ನಿಮಿಷದ ಕೆಲಸ. ತೊಟ್ಟಿಲು ತೂಗಿದ ಹಾಗೆ ಎಂದು ತಣ್ಣಪ್ಪ ಇದಕ್ಕೆ ತೂಗುವುದು ಎನ್ನುತ್ತಿದ್ದ. ತೂಗಿದ ಮೇಲೆ ದಿನಚರಿ ಪುಸ್ತಕದಲ್ಲಿ ತಾರೀಕು, ಚೂರಿನ ಸಂಖ್ಯೆ, ಬಲದ ಪ್ರಮಾಣ, ಕೊನೆಗೆ "ತೂಗಿದೆ" ಎಂಬ ಒಂದು ಮಾತು. ಮಣಿ ಪೋಣಿಸಿದಂಥ ದುಂಡು ಅಕ್ಷರ.

ಅವನ ಹೆಂಡತಿಗೆ ಈ ವಿಷಯ ಗೊತ್ತಾದದ್ದೇ ತಡ, ಅವಳಿಗೊಂದು ಹಬ್ಬವಾಯಿತು. "ಮನೇಲಿ ಮಗು ಅತ್ತರೆ ಕಿವಿಗೆ ಹತ್ತಿ ಇಟ್ಕೊಂಡು ಮಲಗ್ತಾರೆ. ಅಲ್ಲಿ ಹೋಗಿ ಕಬ್ಬಿಣಕ್ಕೆ ಜೋಗುಳ ಹಾಡ್ತಾರೆ" ಎಂದು ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದಳು.

ಅವನು ಕೆಲಸಕ್ಕೆ ಸೇರಿ ನಾಲ್ಕನೆಯ ವರ್ಷವೋ ಏನೋ, ಆ ಕಪ್ಪು ಬಿಲ್ಲೆಗಳ ಕಾಲ ಬಂತು. ಸಾರಜನಕದ ಚಳಿಗೇ ಅತಿವಾಹಕವಾಗುವ, ಅಂದರೆ ಕರೆಂಟನ್ನು ಒಂದಿಷ್ಟೂ ತಡೆಯದೆ ಹರಿಯಬಿಡುವ ವಸ್ತು ಸಿಕ್ಕಿದೆ ಎಂದು ಲೋಕವೆಲ್ಲ ಎದ್ದು ಕುಳಿತಿದ್ದ ಕಾಲ. ಬೂದುಬಣ್ಣದ ಪುಡಿ ಅರೆದು, ಒತ್ತಿ, ಒಲೆಯಲ್ಲಿಟ್ಟು ಸುಟ್ಟರೆ ಅಂಗಿಯ ಗುಂಡಿಯಷ್ಟು ದೊಡ್ಡ ಕಪ್ಪು ಬಿಲ್ಲೆ. ಎಲ್ಲ ಕೋಣೆಗಳಲ್ಲೂ ಅರೆಯುವ ಸದ್ದು. ಮದುವೆ ಮನೆಯ ಗಡಿಬಿಡಿ. ಈಗಿನವರಿಗೆ ಹೇಳಿದರೆ ನಂಬುವುದಿಲ್ಲ, ಆಗ ಊಟಕ್ಕೆ ಕರೆದರೂ ಯಾರೂ ಏಳುತ್ತಿರಲಿಲ್ಲ.

ಆ ಗುಂಪಿನಲ್ಲಿ ಒಬ್ಬಳು ಸಂಶೋಧಕಿ ಇದ್ದಳು. ಇಪ್ಪತ್ತೈದರ ಆಸುಪಾಸು, ಅರೆದು ಅರೆದು ಅಂಗೈಯಲ್ಲಿ ಗುಳ್ಳೆ, ಉಗುರಿನ ಸಂದಿಯಲ್ಲಿ ಸದಾ ಕಪ್ಪು. ತಣ್ಣಪ್ಪನನ್ನು "ಅಣ್ಣಾ" ಎನ್ನುತ್ತಿದ್ದಳು, ಅವನು ಅವಳನ್ನು "ತಂಗಿ" ಎನ್ನುತ್ತಿದ್ದ. ಬಾಗಿಲು ತೆರೆದಿಟ್ಟರೂ ಬೈಗುಳ ತಿನ್ನದ ಒಂದೇ ಜೀವ ಅವಳು. ಬಿಲ್ಲೆಯ ಒಳಗೆ ಏನಿದೆ ಎಂದು ಅವನಿಗೆ ಹೇಳಿಕೊಟ್ಟವಳೂ ಅವಳೇ.

"ಅಣ್ಣಾ, ಇದು ಒಂದೇ ಕಲ್ಲಲ್ಲ. ಒಳಗೆಲ್ಲ ಸಣ್ಣ ಸಣ್ಣ ಹರಳು. ಸಕ್ಕರೆ ತೇವ ಆಗಿ ಗಟ್ಟಿ ಕಟ್ಟುತ್ತಲ್ಲ, ಹಾಗೆ. ಹರಳು ಹರಳಿನ ಮಧ್ಯೆ ಇರೋ ಅಂಟು ಬಹಳ ನಾಜೂಕು. ಚೂರು ಅಯಸ್ಕಾಂತ ತೋರಿಸಿದ್ರೂ ಸಾಕು, ಆ ಅಂಟು ಬಿಟ್ಟುಹೋಗುತ್ತೆ. ಆದರೆ ಹರಳಿನ ಒಳಗೆ ಮಾತ್ರ ಏನೂ ಆಗಲ್ಲ."

ತಣ್ಣಪ್ಪ, "ಅಂದರೆ ಒಟ್ಟು ಕುಟುಂಬ ಅನ್ನು. ಒಂದು ಸಣ್ಣ ಮಾತಿಗೆ ಅಣ್ಣತಮ್ಮಂದಿರು ಬೇರೆ ಆಗ್ತಾರೆ, ಅವರವರ ಸಂಸಾರ ಅವರವರಿಗೆ ಗಟ್ಟಿ" ಎಂದ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, ನನ್ನ ಪ್ರಬಂಧದ ಮೊದಲನೇ ಪುಟ ನೀವೇ ಬರೆದುಕೊಡಿ ಎಂದಳು.

ಇನ್ನು ಆ ದಿನ. ತಣ್ಣಪ್ಪನ ಅಮ್ಮ ಮೊಮ್ಮಗಳನ್ನು ನೋಡಲು ಬಂದಿದ್ದರು, ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಡುವವರು. ಅಮ್ಮನದು ಒಂದೂ ಫೋಟೋ ಇರಲಿಲ್ಲ. ಎಲ್ಲರೂ ಸೇರಿ ತೆಗೆಸಿಕೊಳ್ಳೋಣ ಎಂದು ಹೆಂಡತಿ ವಾರದಿಂದ ಹೇಳುತ್ತಿದ್ದಳು. ಸ್ಟುಡಿಯೋದವನು ಆರು ಗಂಟೆಗೆ ಸರಿಯಾಗಿ ಬಾಗಿಲೆಳೆಯುವ ಮನುಷ್ಯ. "ಐದೂವರೆಗೆ ಬರದೇ ಇದ್ದರೆ ನೀವು ನಿಮ್ಮ ಕಬ್ಬಿಣದ ಜೊತೆಗೇ ಫೋಟೋ ತೆಗೆಸ್ಕೊಳ್ಳಿ" ಎಂದು ಹೇಳಿಯೇ ಹೆಂಡತಿ ಅವನನ್ನು ಕಳಿಸಿದ್ದಳು.

ನಾಲ್ಕಕ್ಕೆ ಸ್ವಲ್ಪ ಮುಂಚೆ ತಂಗಿ ಒಂದು ಹೊಸ ಬಿಲ್ಲೆ ತಂದುಕೊಟ್ಟಳು. ಅವಳಿಗೆ ಮೇಲಿನ ಮಹಡಿಯಲ್ಲಿ ಪಾಠವಿತ್ತು. "ಸಣ್ಣ ಬಲದಲ್ಲಿ ಇಟ್ಟು ತಣ್ಣಗೆ ಮಾಡಿ ಅಳೆದಿಡಿ ಅಣ್ಣಾ" ಎಂದು ಓಡಿದಳು. ತಣ್ಣಪ್ಪ ಪುಸ್ತಕ ತೆಗೆದ. ತಾರೀಕು ಬರೆದ, ಸಂಖ್ಯೆ ಬರೆದ, ಕೈ ಅಭ್ಯಾಸಬಲದಿಂದ "ತೂಗಿದೆ" ಎಂದೂ ಬರೆದುಬಿಟ್ಟಿತು. ಇನ್ನೂ ತೂಗಿರಲಿಲ್ಲ. ಬೆಳಿಗ್ಗೆ ಇನ್ನೊಬ್ಬರು ದೊಡ್ಡ ಬಲವನ್ನು ತಿರುಗುಮುರುಗಾಗಿ ಕೊಟ್ಟು ಅಳೆದಿದ್ದರು ಎಂಬುದು ಅವನಿಗೆ ನೆನಪಿತ್ತು. ಗಡಿಯಾರ ನೋಡಿದ, ನಾಲ್ಕಾಗಿತ್ತು. ತೂಗಲು ಹತ್ತು ನಿಮಿಷ, ಅಳೆಯಲು ಒಂದೂವರೆ ಗಂಟೆ. ಒಂದು ದಿನ ತೂಗದಿದ್ದರೆ ಕಬ್ಬಿಣವೇನು ಅಳುತ್ತದೆಯೇ ಎಂದುಕೊಂಡ. ನೇರವಾಗಿ ಅಳೆದ.

ನೀಲಿ ಪೆನ್ನು ಆ ದಿನ ಕೆಳಕ್ಕಿಳಿಯುವ ಬದಲು ಮೇಲಕ್ಕೆ ಹೋಯಿತು. ಅದನ್ನೂ ಅವನು ನೋಡಲಿಲ್ಲ. ಚಳಿ ಬಿಡುವ ಮೊದಲೇ ಬಿಲ್ಲೆ ಬಿಚ್ಚಿ ಡಬ್ಬಿಗೆ ಹಾಕಿ, ಕಾಗದ ಹರಿದು ಅವಳ ಮೇಜಿನ ಮೇಲಿಟ್ಟು ಸೈಕಲ್ ಹತ್ತಿದ. ಆರಕ್ಕೆ ಐದು ನಿಮಿಷ ಇರುವಾಗ ಫೋಟೋ ಆಯಿತು. ಅಮ್ಮ ಉಸಿರು ಬಿಗಿಹಿಡಿದು, ಯಾರೋ ಬೈಯುತ್ತಿದ್ದಾರೆ ಎಂಬಂತೆ ನೆಟ್ಟಗೆ ಕುಳಿತಿದ್ದರು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಅಮ್ಮ ಹೋದರು. ಉಳಿದದ್ದು ಅದೊಂದೇ ಫೋಟೋ.

ಮರುದಿನ ಅವನು ಬರುವ ಹೊತ್ತಿಗೆ ಕೋಣೆಯ ತುಂಬ ಜನ. ನಡುವೆ ತಂಗಿ, ಕೈಯಲ್ಲಿ ಆ ಕಾಗದ. ಅತಿವಾಹಕ ಯಾವತ್ತೂ ಅಯಸ್ಕಾಂತದ ಬಲವನ್ನು ಹೊರಕ್ಕೆ ತಳ್ಳಬೇಕು, ಅದು ಅದರ ಜಾತಕ. ಈ ಬಿಲ್ಲೆ ಒಳಕ್ಕೆ ಸೆಳೆದಿದೆ! ಹರಳುಗಳ ನಡುವಿನ ಅಂಟಿನಲ್ಲಿ ಕರೆಂಟು ಸುತ್ತು ಹೊಡೆದು ಹೀಗೆ ಮಾಡಿರಬಹುದು ಎಂದು ಅವಳು ಗೋಡೆಯ ಹಲಗೆ ತುಂಬ ಬರೆದಳು. "ಅಣ್ಣಾ, ನಿಮ್ಮ ಕೈಗುಣ" ಎಂದು ಅವನ ಎರಡೂ ಕೈ ಹಿಡಿದುಕೊಂಡಳು. ತಣ್ಣಪ್ಪನೂ ಹಿಗ್ಗಿ ಹೀರೇಕಾಯಿಯಾದ. ತಾನು ತೂಗಿರಲಿಲ್ಲ ಎಂಬುದು ಆ ಗಲಾಟೆಯಲ್ಲಿ ಅವನ ತಲೆಗೆ ಬರಲೇ ಇಲ್ಲ.

ಡಬ್ಬಿ ತೆರೆದರೆ ಬಿಲ್ಲೆ ತೇವ ಕುಡಿದು ಎರಡು ಹೋಳಾಗಿತ್ತು. ಅವಳು ಗಾಬರಿಯಾಗಲಿಲ್ಲ, ಇನ್ನೊಂದು ಸುಟ್ಟರಾಯಿತು ಎಂದಳು. ಸುಟ್ಟಳು. ಒಂದಲ್ಲ, ಎರಡಲ್ಲ, ಇಪ್ಪತ್ತಮೂರು. ಎಲ್ಲವೂ ಸಂಭಾವಿತರ ಹಾಗೆ ಹೊರಕ್ಕೇ ತಳ್ಳಿದವು. ಪುಡಿ ಬದಲಿಸಿದಳು, ಒಲೆಯ ಶಾಖ ಬದಲಿಸಿದಳು, ಕಣ್ಣ ಕೆಳಗೆ ಕಪ್ಪು ಬಂತು. ಕೊನೆಗೆ ಪ್ರೊಫೆಸರು ಎಲ್ಲರನ್ನೂ ಕೂರಿಸಿಕೊಂಡು, ಒಂದೇ ಬಿಲ್ಲೆಯಾದರೂ ಅಳತೆ ಸ್ವಚ್ಛವಾಗಿದ್ದರೆ ವಿಜ್ಞಾನ ಪತ್ರಿಕೆಗೆ ಬರೆದು ಕಳಿಸೋಣ, ನಾವೇ ಮೊದಲಿಗರಾಗುತ್ತೇವೆ ಎಂದರು. "ಒಂದೇ ಒಂದು ಅನುಮಾನ. ಕಬ್ಬಿಣದಲ್ಲಿ ಉಲ್ಟಾ ಬಲ ಉಳಿದಿದ್ದರೆ, ಬಿಲ್ಲೆ ಸರಿಯಾಗಿ ತಳ್ಳಿದ್ದನ್ನೇ ನಾವು ಸೆಳೀತು ಅಂತ ಓದಿರ್ತೀವಿ. ಅವತ್ತು ತೂಗಿದ್ರಾ?"

ತಣ್ಣಪ್ಪನಿಗೆ ಆಗ ನೆನಪಾಯಿತು. ಅವನು ಬಾಯಿ ತೆರೆಯುವ ಮೊದಲೇ ತಂಗಿ ಪುಸ್ತಕ ಬಿಡಿಸಿ ತೋರಿಸಿದಳು. "ನೋಡಿ ಸರ್, ‘ತೂಗಿದೆ’ ಅಂತ ಬರ್ದಿದ್ದಾರೆ." ಪ್ರೊಫೆಸರು ಕನ್ನಡಕ ತೆಗೆದು, "ಇವರು ಬರೆದಿದ್ದಾರೆ ಅಂದ ಮೇಲೆ ಮುಗೀತು" ಎಂದರು. ಅಷ್ಟು ದೊಡ್ಡ ಹೊಗಳಿಕೆ ಅವನಿಗೆ ಜೀವನದಲ್ಲಿ ಸಿಕ್ಕಿದ್ದು ಅದೇ ಮೊದಲು. ಬಿಸಿ ತುಪ್ಪದ ಹಾಗೆ ಅದು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಮೂರು ದಿನ ಅವನು ಯಾರಿಗೂ ಬೈಯಲಿಲ್ಲ. ಮನೆಯಲ್ಲಿ ತಟ್ಟೆಯ ಅನ್ನ ಹಾಗೇ ಬಿಟ್ಟು ಎದ್ದ. ಹೆಂಡತಿ ಹಣೆ ಮುಟ್ಟಿ ನೋಡಿದಳು, ಜ್ವರವಿರಲಿಲ್ಲ. ಆಗ ಎಲ್ಲ ಹೇಳಿದ. ಹೇಳಿದರೆ ಆ ಹುಡುಗಿಯ ಕನಸು ಮುರಿಯುತ್ತದೆ, ಹೇಳದಿದ್ದರೆ ಅವಳು ಲೋಕದವರೆಲ್ಲರ ಮುಂದೆ ಸುಳ್ಳಿಗೆ ಸಹಿ ಹಾಕುತ್ತಾಳೆ. ಯಾವಾಗಲೂ ಗೇಲಿ ಮಾಡುವ ಹೆಂಡತಿ ಅಂದು ಗೇಲಿ ಮಾಡಲಿಲ್ಲ. "ನಾಳೆ ಇನ್ಯಾರೋ ಕಂಡುಹಿಡಿದು ಹೇಳೋದಕ್ಕಿಂತ ಇವತ್ತು ಅಣ್ಣ ಹೇಳಿದ್ರೆ ಅವಳಿಗೆ ಅಷ್ಟು ನೋಯಲ್ಲ" ಎಂದಳು.

ಬೆಳಿಗ್ಗೆ ಪ್ರಯೋಗಾಲಯದ ಪಡಸಾಲೆಯ ತೊಟ್ಟಿಯ ಹತ್ತಿರ ತಂಗಿ ಕೈ ಉಜ್ಜಿ ತೊಳೆಯುತ್ತಿದ್ದಳು. ತಣ್ಣಪ್ಪ ಪಕ್ಕಕ್ಕೆ ಹೋಗಿ ನಿಂತ.

"ತಂಗೀ, ಅವತ್ತು ನಾನು ತೂಗಲಿಲ್ಲ."

"ಯಾವತ್ತು?"

"ಆ ಬಿಲ್ಲೆಗೆ. ಮೊದಲೇ ಬರ್ದುಬಿಟ್ಟಿದ್ದೆ. ಅಮ್ಮನ ಫೋಟೋ ತೆಗೆಸೋಕೆ ಹೋಗಬೇಕಿತ್ತು."

ನಲ್ಲಿ ಹಾಗೇ ಸುರಿಯುತ್ತಿತ್ತು. ಅವಳು ಅದನ್ನು ನಿಲ್ಲಿಸಿದಳು, ಕೈ ಒರೆಸಿಕೊಂಡಳು. "ಫೋಟೋ ಚೆನ್ನಾಗಿ ಬಂತಾ?" ಎಂದು ಕೇಳಿದಳು. ಬಂತು ಎಂದ. ಅವಳು ತಲೆಯಾಡಿಸಿ ಮೇಲಕ್ಕೆ ಹೋಗಿ, ಅಂಚೆಗೆ ಸಿದ್ಧವಾಗಿದ್ದ ಲಕೋಟೆಯನ್ನು ಪ್ರೊಫೆಸರ ಮೇಜಿನಿಂದ ಎತ್ತಿಕೊಂಡು ಬಂದಳು. ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಎಷ್ಟೋ ವರ್ಷ ಅನ್ನಿಸಿತು.

ಅವಳ ಪ್ರಬಂಧ ಹರಳುಗಳ ನಡುವಿನ ಆ ನಾಜೂಕು ಅಂಟಿನ ಬಗ್ಗೆ, ಯಾರೂ ಜಗಳಾಡದಂಥ ವಿಷಯವಾಗಿ ಮುಗಿಯಿತು. ಪದವಿ ಬಂತು, ಅಲ್ಲೇ ಕೆಲಸವೂ ಸಿಕ್ಕಿತು. ಅವಳು "ಅಣ್ಣಾ" ಎನ್ನುವುದನ್ನು ಬಿಡಲಿಲ್ಲ. ಅವನಿಗೆ ಮಾತ್ರ "ತಂಗಿ" ಎನ್ನಲು ನಾಲಿಗೆ ಏಳಲಿಲ್ಲ, "ಮೇಡಂ" ಎಂದು ಶುರುಮಾಡಿದ. ಇನ್ನೊಂದು ಬದಲಾವಣೆಯೂ ಆಯಿತು. ಅಂದಿನಿಂದ ತಣ್ಣಪ್ಪ ಪ್ರತಿ ಅಳತೆಗೂ ಎರಡೆರಡು ಸಲ ತೂಗತೊಡಗಿದ. ಹತ್ತು ನಿಮಿಷದ ಕೆಲಸ ಇಪ್ಪತ್ತಾಯಿತು. ಕೆಲಸ ತಡವಾಗುತ್ತದೆ ಎಂದು ಗೊಣಗಿದವರು ಬೈಸಿಕೊಂಡು ಹೋದರು.

ಎರಡು ವರ್ಷದ ಮೇಲೆ ದೂರದಿಂದ ಒಬ್ಬ ವಿಜ್ಞಾನಿ ಉಪನ್ಯಾಸಕ್ಕೆ ಬಂದರು. ಸ್ಲೈಡ್ ತೋರಿಸುವ ಯಂತ್ರದ ಹಿಂದೆ ತಣ್ಣಪ್ಪ. ಕಿಟಕಿಗಳಿಗೆ ಕಪ್ಪು ಪರದೆ ಎಳೆದು, ಅವರು "ಮುಂದಿನದು" ಎಂದಾಗಲೆಲ್ಲ ಗುಂಡಿ ಒತ್ತುತ್ತಿದ್ದ. ಆರನೆಯದೋ ಏಳನೆಯದೋ ಸ್ಲೈಡು ಬಿದ್ದಾಗ ಅವನ ಕೈ ನಿಂತುಹೋಯಿತು. ಅದೇ ಗೆರೆ. ಕೆಳಕ್ಕಿಳಿಯಬೇಕಾದಲ್ಲಿ ಮೇಲಕ್ಕೆ ಹೋದ ಗೆರೆ. ಕೆಲವು ಹರಳು ಹರಳಾದ ಬಿಲ್ಲೆಗಳನ್ನು ತೀರಾ ಸಣ್ಣ ಬಲದಲ್ಲಿ ತಣ್ಣಗೆ ಮಾಡಿದರೆ ಅವು ಬಲವನ್ನು ಒಳಕ್ಕೆ ಸೆಳೆಯುವುದುಂಟು, ಎಲ್ಲ ಬಿಲ್ಲೆಗಳೂ ಅಲ್ಲ, ಅಲ್ಲೊಂದು ಇಲ್ಲೊಂದು ಎಂದು ಆ ಮನುಷ್ಯ ವಿವರಿಸುತ್ತಿದ್ದರು. ಹಲವು ಕಡೆ ಅಳೆದಿದ್ದಾರೆ, ಅನುಮಾನವಿಲ್ಲ ಎಂದರು.

"ಮುಂದಿನದು" ಎಂದರು. ತಣ್ಣಪ್ಪನಿಗೆ ಕೇಳಿಸಲಿಲ್ಲ. "ಮುಂದಿನದು, ದಯವಿಟ್ಟು" ಎಂದರು. ಮೊದಲ ಸಾಲಿನಲ್ಲಿ ಮೇಡಂ ಕುಳಿತಿದ್ದಳು, ಅವನಿಗೆ ಕಂಡದ್ದು ಅವಳ ಜಡೆ ಮಾತ್ರ. ಅವಳು ತಿರುಗಿ ನೋಡಲಿಲ್ಲ. ಕೊನೆಯಲ್ಲಿ ಎದ್ದು ನಿಂತು, ಹರಳಿನ ಗಾತ್ರ ಎಷ್ಟಿತ್ತು ಎಂದು ಒಂದು ಪ್ರಶ್ನೆ ಕೇಳಿ, ಉತ್ತರ ಬರೆದುಕೊಂಡಳು.

ಹಾಗಾದರೆ ನಮ್ಮ ಬಿಲ್ಲೆಯೂ ನಿಜವನ್ನೇ ಹೇಳಿತ್ತೇ? ಅಥವಾ ಅಂದು ಆಡಿದ್ದು ಬರೀ ಕಬ್ಬಿಣವೇ? ಬಿಲ್ಲೆ ಒಡೆದುಹೋಗಿತ್ತು, ಇನ್ನು ಯಾರೂ ಹೇಳಲಾರರು. ಅವನನ್ನು ತಿಂದದ್ದು ಅದು. ಅವಳು ಕಂಡದ್ದು ನಿಜವೋ ಅಲ್ಲವೋ ಎಂದು ಹೇಳಬಹುದಾಗಿದ್ದ ಹತ್ತು ನಿಮಿಷವನ್ನು ಅವನು ಕೊಂಡುಹೋಗಿ ಸ್ಟುಡಿಯೋದಲ್ಲಿ ಖರ್ಚು ಮಾಡಿದ್ದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಹೋದದ್ದು ತನ್ನ ಮಾನವಾಗಿದ್ದರೆ ಅವನು ಸಹಿಸುತ್ತಿದ್ದ. ಮನೆಗೆ ಹೋದರೆ ಗೋಡೆಯ ಮೇಲೆ ಅಮ್ಮ ಉಸಿರು ಬಿಗಿಹಿಡಿದು ಕುಳಿತೇ ಇದ್ದರು. ಆ ಫೋಟೋ ಬೇಡವಾಗಿತ್ತು ಎಂದು ಅಂದುಕೊಳ್ಳಲೂ ಅವನಿಂದ ಆಗಲಿಲ್ಲ. ನನ್ನ ಮೇಲೆ ಸಿಟ್ಟಿದೆಯೇ ಎಂದು ಅವಳನ್ನು ಕೇಳಬೇಕು ಎಂದು ಎಷ್ಟೋ ಸಲ ಹೊರಟ. ಪ್ರತಿ ಸಲವೂ ಟೀ ಬೇಕಾ ಮೇಡಂ ಎಂದು ಕೇಳಿ ವಾಪಸು ಬಂದ.

ವರ್ಷಗಳು ಹೀಗೇ ಉರುಳಿದವು. ಕಪ್ಪು ಬಿಲ್ಲೆಗಳ ಕಾಲ ಹೋಯಿತು, ಅರೆಯುವ ಸದ್ದು ನಿಂತಿತು. ನೀಲಿ ಪೆನ್ನಿನ ಜಾಗಕ್ಕೆ ಕಂಪ್ಯೂಟರು ಬಂತು. ಪಕ್ಕದ ಕೋಣೆಗೆ, ಗುಂಡಿ ಒತ್ತಿದರೆ ತಾನೇ ಎಲ್ಲ ಮಾಡಿಕೊಳ್ಳುವ ಹೊಸ ಯಂತ್ರ ಬಂತು. ಹಳೆಯದನ್ನು ಪಾಠಕ್ಕೆಂದು ಉಳಿಸಿಕೊಂಡರು. ಮೇಡಂ ಕೂದಲು ನರೆತು ಆ ವಿಭಾಗಕ್ಕೇ ಮುಖ್ಯಸ್ಥೆಯಾದಳು. ಪ್ರೊಫೆಸರು ತೀರಿಕೊಂಡರು. ತಣ್ಣಪ್ಪನ ಮಗಳು ಮದುವೆಯಾಗಿ ತಾನೇ ತೊಟ್ಟಿಲು ತೂಗುವವಳಾದಳು. ತಣ್ಣಪ್ಪ ಮಾತ್ರ ಆ ಮೂಲೆಯ ಕೋಣೆಯಲ್ಲಿ ಕಬ್ಬಿಣವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ, ದಿನವೂ ಎರಡೆರಡು ಸಲ ಮಲಗಿಸುತ್ತಿದ್ದ.

ಕೆಲಸದ ಕೊನೆಯ ದಿನ ನಾಲ್ಕು ಗಂಟೆಗೆ ಮೇಲೆ ಬೀಳ್ಕೊಡುಗೆ ಎಂದು ಹೇಳಿದ್ದರು. ಮೂರೂವರೆಗೆ ಅವನು ಕೋಣೆಯಲ್ಲಿ ಸ್ಪ್ಯಾನರುಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದಾಗ ಮೇಡಂ ಬಂದಳು. ಸ್ಟೂಲು ಎಳೆದುಕೊಂಡು ಕುಳಿತಳು.

"ಅಣ್ಣಾ, ಮೇಲೆ ಭಾಷಣ ಮಾಡ್ತಾರೆ. ಅಲ್ಲಿ ಇದನ್ನ ಹೇಳೋಕಾಗಲ್ಲ. ಬೈಬಾರದು ಮತ್ತೆ."

"ನಾನು ಯಾರಿಗೆ ಬೈದಿದ್ದೀನಿ ಮೇಡಂ?"

ಇಬ್ಬರೂ ನಕ್ಕರು. ಆಮೇಲೆ ಅವಳು ನಗು ನಿಲ್ಲಿಸಿ, "ಒಂದು ಸಲ ತೂಗಿದ್ರೆ ಸಾಕಾಗುತ್ತೆ. ಎರಡನೇ ಸಲಕ್ಕೆ ಏನೂ ಬದಲಾಗಲ್ಲ. ಆ ಉಪನ್ಯಾಸ ಆದ ವರ್ಷವೇ ಅಳೆದು ನೋಡಿದ್ದೆ. ನಿಮಗೆ ಹೇಳಲಿಲ್ಲ" ಎಂದಳು.

ತಣ್ಣಪ್ಪ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ.

"ಸಿಟ್ಟಿತ್ತು ಅಣ್ಣಾ. ಆ ಸ್ಲೈಡ್ ನೋಡಿದ ದಿನ ಮನೆಗೆ ಹೋಗಿ ತುಂಬಾ ಅತ್ತೆ. ತೂಗಲಿ, ದಿನಾ ಹತ್ತು ನಿಮಿಷ ಜಾಸ್ತಿ ತೂಗಲಿ ಅಂದ್ಕೊಂಡೆ. ಅದೇ ನನ್ನ ಸೇಡು. ಆಮೇಲೆ ಸಿಟ್ಟು ಯಾವಾಗ ಹೋಯ್ತೋ ನನಗೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಹೇಳೋಕೆ ನಾಚಿಕೆ ಆಗಿಬಿಟ್ಟಿತ್ತು. ಇಷ್ಟು ವರ್ಷ ಸುಮ್ಮಸುಮ್ಮನೆ ತೂಗಿಸಿಬಿಟ್ಟೆ ನಿಮ್ಮನ್ನ."

ಅವಳ ಕಣ್ಣು ತುಂಬಿತ್ತು. ತಣ್ಣಪ್ಪ ಕಬ್ಬಿಣದ ಕಂಬದ ಮೇಲೆ ಕೈಯಿಟ್ಟ. ಇಪ್ಪತ್ತೇಳು ವರ್ಷ ಕೇಳಲಾಗದೆ ಇದ್ದದ್ದಕ್ಕೆ ಉತ್ತರ ತಾನಾಗಿಯೇ ಬಂದು ಎದುರಿಗೆ ಕುಳಿತಿತ್ತು.

"ಒಂದು ಸಲ ಸಾಕು ಅಂತ ನನಗೂ ಗೊತ್ತಿತ್ತು."

"ಗೊತ್ತಿತ್ತಾ? ಮತ್ತೆ ಯಾಕೆ ತೂಗಿದ್ರಿ?"

"ಮೊದಲನೇದು ಅವತ್ತವತ್ತಿನ ಅಳತೆಗೆ. ಎರಡನೇದು ನಿನ್ನ ಬಿಲ್ಲೆಗೆ, ತಂಗಿ."

ಮೇಲಿನಿಂದ ಯಾರೋ ಮೆಟ್ಟಿಲ ಹತ್ತಿರ ಬಂದು, ಎಲ್ಲರೂ ಕಾಯುತ್ತಿದ್ದಾರೆ, ಟೀ ಆರಿಹೋಗುತ್ತದೆ ಎಂದು ಕೂಗಿದರು. ಇಬ್ಬರೂ ಕದಲಲಿಲ್ಲ.